ಗಿಳಿಯ ಹಿಕ್ಕೆ, ಅತ್ತೆಯ ಮಡಿ

ಗಿಳಿ ಮಾತಾಡುತ್ತದೆ ಎಂದು ಎಲ್ಲರೂ ಕೊಂಡಾಡುತ್ತಾರೆ. ಅದು ದಿನವಿಡೀ ಹಿಕ್ಕೆ ಹಾಕುತ್ತದೆ ಎಂಬ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಗಿಳಿ ಸಾಕಿದ ಮನೆಯ ಚೆಂದವನ್ನು ಯಾರಾದರೂ ವರ್ಣಿಸಲು ಶುರು ಮಾಡಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಒರೆಸುತ್ತಿದ್ದವರು ಯಾರು, ಅದನ್ನು ಮೊದಲು ಹೇಳಿರಿ ಅನ್ನಬೇಕು ಅನಿಸುತ್ತದೆ. ನಮ್ಮ ಮನೆಯಲ್ಲಿ ಒರೆಸುತ್ತಿದ್ದವಳು ನಾನು.

ಆಗ ನಿಜಾಮರ ಆಳ್ವಿಕೆ. ನನ್ನನ್ನು ಕಮಲಾಪುರದಿಂದ ಕಲಬುರ್ಗಿಗೆ ಕೊಟ್ಟಿದ್ದರು. ಗಂಡ ಅದಾಲತ್ತಿನಲ್ಲಿ ಕಾರಕೂನ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು, ಇವೆರಡರ ನಡುವೆ ಅವರು ಸುಸ್ತಾಗಿ ಬರುತ್ತಿದ್ದರು. ನನ್ನ ಜೊತೆ ಆಡಲು ಅವರಲ್ಲಿ ಮಾತೇ ಉಳಿದಿರುತ್ತಿರಲಿಲ್ಲ. ಅವರನ್ನು ಬಿಟ್ಟರೆ ಮನೆಯಲ್ಲಿ ನಾನು ಮತ್ತು ಅತ್ತೆ. ಶರಣಬಸವೇಶ್ವರ ಗುಡಿಯ ಮಗ್ಗುಲ ಓಣಿಯಲ್ಲಿ ನಮ್ಮ ಮನೆ. ಅತ್ತೆಯ ಮೂರು ಹೊತ್ತಿನ ಲಿಂಗಪೂಜೆಯ ಸುತ್ತಲೇ ಆ ಮನೆಯ ದಿನ ತಿರುಗುತ್ತಿತ್ತು. ಪಡಸಾಲೆಯ ಮೂಲೆಯಲ್ಲಿ ಅವರ ಮಣೆ, ಅದರ ಮುಂದೆ ವಿಭೂತಿ, ಪತ್ರಿ, ಗಂಟೆ, ಮೇಲೆ ಹಗ್ಗದ ಮೇಲೆ ಮಡಿ ಸೀರೆ. ಆ ಮೂಲೆಗೆ ನನ್ನ ನೆರಳೂ ಬೀಳಬಾರದು ಅನ್ನುವಂತೆ ಅವರು ಇರುತ್ತಿದ್ದರು.

ಮದುವೆಯಾದ ಮರುವರ್ಷ ಅವ್ವ ತೀರಿಕೊಂಡಳು. ಅಪ್ಪ ನಾನು ಮೊಲೆಹಾಲು ಬಿಡುವ ಮೊದಲೇ ಹೋಗಿದ್ದ, ಒಡಹುಟ್ಟಿದವರು ಯಾರೂ ಇರಲಿಲ್ಲ. ಮಣ್ಣು ಮಾಡಿ ಬಂದವರೆಲ್ಲ ಅವರವರ ಮನೆಗೆ ಹೋದ ಮೇಲೆ ಖಾಲಿ ಮನೆಯಲ್ಲಿ ನಾನೊಬ್ಬಳೇ ಕೂತಿದ್ದೆ. ತೊಲೆಯ ಮೇಲಿಂದ ಅವ್ವ ಕೇಳಿದಳು: "ಉಂಡ್ಯಾ ಯವ್ವಾ?"

ಅವ್ವನ ಗಿಳಿ ಅದು. ಅವಳಿಗೆ ಉಬ್ಬಸದ ಕಾಯಿಲೆ ಇತ್ತು. 'ಉಂಡ್ಯಾ' ಆದ ಮೇಲೆ ಒಂದು ಸಣ್ಣ ಉಸಿರು ಎಳೆದುಕೊಂಡೇ ಅವಳು 'ಯವ್ವಾ' ಅನ್ನುತ್ತಿದ್ದಳು. ಗಿಳಿ ಆ ಉಸಿರನ್ನೂ ಬಿಟ್ಟಿರಲಿಲ್ಲ. ಮನೆಗೆ ಕೀಲಿ ಹಾಕಿ, ಗಿಳಿಯನ್ನು ಬಿದಿರು ಬುಟ್ಟಿಯಲ್ಲಿಟ್ಟುಕೊಂಡು ಬಂಡಿ ಹತ್ತಿದೆ. ಅವ್ವನದೆಂದು ನಾನು ತಂದದ್ದು ಅಷ್ಟೇ.

ಅತ್ತೆ ಬುಟ್ಟಿಯ ಒಳಗೆ ಇಣುಕಿ ಮೂಗು ಮುರಿದರು. "ಪಂಜರದಾಗ ಇದ್ರ ಇರ್ಲಿ," ಅಂದರು. ಆದರೆ ಅದು ಪಂಜರ ಕಂಡ ಗಿಳಿಯಲ್ಲ. ಕಮಲಾಪುರದ ಮನೆಯಲ್ಲಿ ತೊಲೆಯಿಂದ ಜಗಲಿಗೆ, ಜಗಲಿಯಿಂದ ಅವ್ವನ ಹೆಗಲಿಗೆ ಹಾರಾಡಿಕೊಂಡು ಬೆಳೆದದ್ದು. ಪಂಜರದಲ್ಲಿಟ್ಟ ಮೇಲೆ ಎದೆಯ ಪುಕ್ಕವನ್ನು ತಾನೇ ಕಿತ್ತುಕೊಳ್ಳತೊಡಗಿತು. ಮೆಣಸಿನಕಾಯಿ ಕೊಟ್ಟರೆ ತಲೆ ತಿರುಗಿಸಿತು. ಮಾತಂತೂ ಇಲ್ಲವೇ ಇಲ್ಲ. ಹಸಿರು ಹಕ್ಕಿಯ ಎದೆಯಲ್ಲಿ ಬೋಳು ಚರ್ಮ ಕಂಡ ದಿನ ನಾನು ಅತ್ತೆಯ ಅಪ್ಪಣೆ ಕೇಳದೆ ಪಂಜರದ ಬಾಗಿಲು ತೆಗೆದೆ.

ಅರ್ಧ ದಿನದಲ್ಲಿ ಅದು ಪಡಸಾಲೆ, ಅಡುಗೆಮನೆ, ಜೋಳದ ಚೀಲ ಎಲ್ಲದಕ್ಕೂ ಹಸಿರು ಬಿಳಿ ಬಣ್ಣ ಹೊಡೆಯಿತು. ಸಂಜೆ ಗಂಡ ಅದಾಲತ್ತಿನಿಂದ ಬಂದು ಕರಿ ಶೇರವಾನಿಯನ್ನು ಗೂಟಕ್ಕೆ ಸಿಕ್ಕಿಸಿದ್ದೇ ತಡ, ಅದರ ಹೆಗಲ ಮೇಲೂ ಒಂದು ಬಿತ್ತು. ಅವರು ಅದನ್ನು ನೋಡಿ, ನನ್ನನ್ನು ನೋಡಿ, "ನಾಳೆ ಸಾಹೇಬರ ಮುಂದ ಇದನ್ನ ಹಾಕ್ಕೊಂಡು ನಿಂದರಬೇಕಲ್ಲ ನಾ," ಎಂದಷ್ಟೇ ಹೇಳಿ ಒಳಗೆ ಹೋದರು. ಅತ್ತೆ ಮಾತ್ರ ಅಷ್ಟಕ್ಕೆ ಬಿಡಲಿಲ್ಲ.

"ನೋಡು ಹುಡುಗಿ, ಬ್ಯಾರೆ ಕಡಿ ಏನರೆ ಮಾಡ್ಲಿ, ನೀ ಒರಸ್ತಿ. ನನ್ನ ಪೂಜಾದ ಜಾಗಾದಾಗ, ನನ್ನ ಮಡಿ ಸೀರಿ ಮ್ಯಾಲ ಒಂದ ಹನಿ ಬಿತ್ತಂದ್ರ ಅವತ್ತೇ ಅದನ್ನ ಸ್ಟೇಶನ್ ಬಜಾರದಾಗ ಹಕ್ಕಿ ಮಾರವಗ ಕೊಟ್ಟ ಬಿಡ್ತೀನಿ. ಶರಣಬಸಪ್ಪನ ಆಣಿ."

ಅತ್ತೆ ಆಣೆ ಮಾಡಿದರೆ ಮುಗಿಯಿತು. ಅಂದಿನಿಂದ ನನ್ನ ಬದುಕು ಒಂದು ಒದ್ದೆ ಬಟ್ಟೆಗೆ ಕಟ್ಟುಬಿತ್ತು. ರೊಟ್ಟಿ ಬಡಿಯುವಾಗ ಒಂದು ಕಣ್ಣು ಹಂಚಿನ ಮೇಲೆ, ಒಂದು ಕಣ್ಣು ತೊಲೆಯ ಮೇಲೆ. ಗಿಳಿ ಮಡಿ ಸೀರೆಯ ಹಗ್ಗದ ಕಡೆ ಕತ್ತು ತಿರುಗಿಸಿದರೆ ಸಾಕು, ಹಂಚು ಬಿಟ್ಟು ಓಡುತ್ತಿದ್ದೆ. ರೊಟ್ಟಿ ಸೀದವು. ಸೀದ ರೊಟ್ಟಿಗೆ ಬೈಸಿಕೊಂಡೆ. ಹಿತ್ತಿಲಿಗೆ ಹೋಗಿ ದಾಳಿಂಬರ ಗಿಡದ ಕೆಳಗೆ ಕೂತು, ಈ ಹಕ್ಕಿಯ ಕುತ್ತಿಗೆ ಹಿಚುಕಿ ನಾನೂ ಬಾವಿಗೆ ಬಿದ್ದುಬಿಡುತ್ತೇನೆ ಎಂದು ಅತ್ತದ್ದೂ ಉಂಟು. ಅಷ್ಟರಲ್ಲಿ ಅದು ಒಳಗಿಂದ 'ಉಂಡ್ಯಾ ಯವ್ವಾ' ಅನ್ನುತ್ತಿತ್ತು. ಮತ್ತೆ ಎದ್ದು ಬಟ್ಟೆ ಹಿಡಿಯುತ್ತಿದ್ದೆ.

ಕಣ್ಣಲ್ಲಿ ಕಣ್ಣಿಟ್ಟು ನೋಡಿ ನೋಡಿ ಅದರ ಲಕ್ಷಣ ನನಗೆ ತಿಳಿಯಿತು. ಹಿಕ್ಕೆ ಹಾಕುವ ಮೊದಲು ಗಿಳಿ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಮೈ ತಗ್ಗಿಸಿ ಬಾಲ ಎತ್ತುತ್ತದೆ. ಇನ್ನೊಂದು ತಿಳಿದದ್ದು, ಅದು ರಾತ್ರಿಯಿಡೀ ತಡೆದಿಟ್ಟುಕೊಂಡು ಬೆಳಿಗ್ಗೆ ಒಂದು ದೊಡ್ಡದನ್ನು ಹಾಕುತ್ತದೆ. ಅಂದರೆ ಅದಕ್ಕೆ ತಡೆಯಲು ಬರುತ್ತದೆ. ಬರದ ಹಾಗೆ ನಾಟಕ ಮಾಡುತ್ತಿದೆ, ಕಳ್ಳಿ!

ಅಂದಿನಿಂದ ಬೆಳಕು ಹರಿಯುವ ಹೊತ್ತಿಗೆ ಅದನ್ನು ಬೆರಳ ಮೇಲೆ ಕೂರಿಸಿಕೊಂಡು ಹಿತ್ತಿಲಿಗೆ ಒಯ್ದು ದಾಳಿಂಬರದ ಕೊಂಬೆಯ ಮೇಲೆ ಬಿಡತೊಡಗಿದೆ. ಕೆಳಗೆ ಬಟ್ಟೆ ಒಗೆಯುವ ಕಲ್ಲು. ಕಲ್ಲಿನ ಮೇಲೆ ಬೀಳುವವರೆಗೆ ನಾನು ಕದಲುತ್ತಿರಲಿಲ್ಲ. ಬಿದ್ದೊಡನೆ ಒಂದು ಶೇಂಗಾ ಕಾಳು. ಹಗಲೂ ಹೀಗೆಯೇ, ಬಾಲ ಎತ್ತುವ ಲಕ್ಷಣ ಕಂಡರೆ ಹಿಟ್ಟಿನ ಕೈಯಲ್ಲೇ ಓಡಿ ಎತ್ತಿಕೊಂಡು ಹೋಗುತ್ತಿದ್ದೆ. ಮೊದಮೊದಲು ದಾರಿಯಲ್ಲಿ ನನ್ನ ಕೈಮೇಲೆಯೇ ಆಗುತ್ತಿತ್ತು. ಆಮೇಲೆ ಕೊಂಬೆಯವರೆಗೆ ತಡೆಯತೊಡಗಿತು. ಬೇಸಿಗೆ ಬರುವ ಹೊತ್ತಿಗೆ ನಾನು ಎತ್ತಿಕೊಂಡು ಹೋಗುವುದೂ ಬೇಕಾಗಲಿಲ್ಲ. ತೊಲೆಯ ಮೇಲೆ ಕೂತ ಗಿಳಿ ಇದ್ದಕ್ಕಿದ್ದಂತೆ ಎದ್ದು ಹಿತ್ತಿಲಿಗೆ ಹಾರಿ, ಕಲ್ಲಿನ ಮೇಲೆ ತನ್ನ ಕೆಲಸ ಮುಗಿಸಿ, ಶೇಂಗಾಕ್ಕೆ ನನ್ನ ಹೆಗಲಿಗೆ ಬರುತ್ತಿತ್ತು.

ನನಗೆ ಬಂದ ಹೆಮ್ಮೆ ಅಷ್ಟಿಷ್ಟಲ್ಲ. ಅತ್ತೆ ಮಾತ್ರ ಪೂಜೆಗೆ ಕೂತಲ್ಲಿಂದಲೇ ಅದರ ಮೇಲೆ ಕಣ್ಣಿಟ್ಟಿರುತ್ತಿದ್ದರು. ಅಂಗೈಯಲ್ಲಿ ಲಿಂಗ, ಕಣ್ಣು ತೊಲೆಯ ಮೇಲೆ. ಎಂದಾದರೂ ತಪ್ಪೀತು, ಹಿಡಿದೇನು ಎಂದು ಕಾಯುತ್ತಿದ್ದಾರೆ ಎಂದು ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ. ಅದು ತಪ್ಪಲಿಲ್ಲ.

ಮಳೆಗಾಲ ಕಳೆದ ಮೇಲೆ ಓಣಿಯಲ್ಲಿ ಇಲಿ ಸತ್ತು ಬಿದ್ದವು. ಪ್ಲೇಗಿನ ಸುದ್ದಿ ಬಂದರೆ ಆಗ ಯಾರೂ ಯೋಚಿಸುತ್ತ ಕೂಡುತ್ತಿರಲಿಲ್ಲ. ಊರು ಬಿಡುವುದೇ ಔಷಧ. ಗಂಡ ಕಚೇರಿಯವರ ಜೊತೆ ಊರ ಹೊರಗಿನ ಜೋಪಡಿಯಲ್ಲಿ ಇರುವುದೆಂದೂ ನಾವಿಬ್ಬರೂ ಕಮಲಾಪುರದ ನನ್ನ ತವರಿಗೆ ಹೋಗುವುದೆಂದೂ ಆಯಿತು. ಸೊಸೆಯ ತವರಿನಲ್ಲಿ ಹೋಗಿ ಇರುವುದೆಂದರೆ ಅತ್ತೆಗೆ ಸಾವಿಗಿಂತ ಕಡಿಮೆಯದಲ್ಲ. "ಬೀಗರ ಮನ್ಯಾಗ ಹೋಗಿ ಬೀಳೂ ಹಣೇಬರಾ ಬಂತು," ಎಂದು ಹಣೆ ಬಡಿದುಕೊಂಡರು. ಬೆಳಗಿನ ಜಾವದ ಗಡಿಬಿಡಿಯಲ್ಲಿ ಬಂಡಿ ಹತ್ತಿದೆವು. ಅರ್ಧ ದಾರಿಯಲ್ಲಿ ಅತ್ತೆಗೆ ಪೂಜೆಯ ಗಂಟೆ ಗೋಡೆಯ ಮಾಡದಲ್ಲೇ ಉಳಿಯಿತೆಂದು ನೆನಪಾಯಿತು. ಕಮಲಾಪುರ ಮುಟ್ಟುವವರೆಗೆ ಅದನ್ನೇ ಹೇಳಿ ಹೇಳಿ ನನ್ನ ತಲೆ ತಿಂದರು.

ಕೀಲಿ ತೆಗೆದಾಗ ಮನೆಯೊಳಗೆ ಹಳೆಯ ಒಲೆಬೂದಿಯ ವಾಸನೆ. ಗಿಳಿಯನ್ನು ಬಿಟ್ಟೆ. ತನ್ನ ಹಳೆಯ ತೊಲೆಗೆ ಹಾರಿ ಕೂತಿತು. ಇನ್ನು ಅವ್ವನ ದನಿ ಈ ಮನೆಯಲ್ಲೇ ಕೇಳುತ್ತದೆ ಎಂದು ಕಾದೆ. ಗಿಳಿ ಸುಮ್ಮನಿತ್ತು. ಬಂಡಿಯ ಆಯಾಸ ಇರಬೇಕು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಹಿತ್ತಿಲಿಗೆ ಒಯ್ದೆ. ದಾಳಿಂಬರ ಇರಲಿಲ್ಲ, ಬಾಳೆ ಇತ್ತು. ಬಾಳೆಯ ಪಕ್ಕದ ಬೇಲಿಗೂಟದ ಮೇಲೆ ಕೂರಿಸಿ ಕಾದೆ. ಬಿಸಿಲು ಏರಿತು. ಏನೂ ಬೀಳಲಿಲ್ಲ. ಮಧ್ಯಾಹ್ನವೂ ಇಲ್ಲ. ಪಕ್ಕದ ಮನೆಯವರ ಹಿತ್ತಿಲಲ್ಲಿ ದಾಳಿಂಬರವಿದೆ ಎಂದು ನೆನಪಾಗಿ ಅಲ್ಲಿಗೂ ಎತ್ತಿಕೊಂಡು ಹೋದೆ. ಕೆಳಗೆ ಕಲ್ಲು ಉರುಳಿಸಿ ಇಟ್ಟೆ. ಶೇಂಗಾ ತೋರಿಸಿದೆ. ಆ ಮನೆಯಾಕೆ ಬಾಗಿಲಲ್ಲಿ ನಿಂತು, "ತಾಯಿ ಸತ್ತ ದುಃಖಕ್ಕ ಹುಡುಗಿ ತಲಿ ಕೆಡ್ತೇನೋ," ಎಂದು ಅತ್ತೆಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಬೀಳಲಿ.

ಸಂಜೆಗೆ ಗಿಳಿ ಮೈಯುಬ್ಬಿಸಿಕೊಂಡು ಕೂತಿತು. ಆಗಾಗ ಹಿಂದೆ ಸರಿಯುತ್ತಿತ್ತು, ಬಾಲ ನಡುಗುತ್ತಿತ್ತು, ಮತ್ತೆ ತಡೆದುಕೊಳ್ಳುತ್ತಿತ್ತು. ಕೆಂಬಾಳೆಹಣ್ಣು ಕಂಡರೆ ಜೀವ ಬಿಡುತ್ತಿದ್ದ ಹಕ್ಕಿ ಅದರ ಕಡೆ ನೋಡಲೂ ಇಲ್ಲ. ಹೊಟ್ಟೆ ಮುಟ್ಟಿ ನೋಡಿದೆ, ಗಟ್ಟಿಯಾಗಿತ್ತು. ಬೆಚ್ಚಗಿನ ಔಡಲೆಣ್ಣೆ ಹಚ್ಚಿದೆ. ಒದ್ದೆ ಬಟ್ಟೆಯಿಂದ ಬಿಸಿ ಕೊಟ್ಟೆ. ಕೈಮುಗಿದೆ. ಬೈದೆ. "ಎಲ್ಲಿ ಬೇಕಾದಲ್ಲಿ ಹಾಕ, ನನ್ನ ತಲೀ ಮ್ಯಾಲ ಹಾಕ, ಒಲ್ಯಾಗ ಹಾಕ, ಯಾರೂ ಏನೂ ಅನ್ನಂಗಿಲ್ಲ," ಎಂದು ಅದರ ಮುಂದೆ ಗೋಗರೆದೆ. ಒಂದು ವರ್ಷ ಅದಕ್ಕೆ ಹಾಕಬೇಡ ಹಾಕಬೇಡ ಎಂದು ಕಲಿಸಿದವಳು ನಾನು. ಈಗ ಹಾಕು ಅನ್ನುವುದನ್ನು ಕಲಿಸುವುದು ಹೇಗೆಂದು ತಿಳಿಯಲಿಲ್ಲ.

ಎರಡನೆಯ ದಿನ ಅದು ಒಂದು ಕಣ್ಣು ಮುಚ್ಚಿತು. ಅತ್ತೆ ಬಂದ ದಿನವೇ ಇಲ್ಲಿಯೂ ಕಟ್ಟಿದ್ದ ಪಡಸಾಲೆಯ ಹಗ್ಗದ ಮೇಲೆ ಹೇಗೋ ಹತ್ತಿ ಕೂತಿತ್ತು. ಇಳಿಸಲು ಹೋದರೆ ಕಚ್ಚಿತು. ನಾನು ಕೆಳಗೆ ಕುಸಿದು ಕೂತೆ. ಅವ್ವ ಈ ಮನೆಯಲ್ಲೇ ಉಸಿರು ಸಿಗದೆ ಸತ್ತಳು, ನಾನು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಈಗ ಇನ್ನೊಮ್ಮೆ ಸಾಯುತ್ತಾಳೆ, ಈ ಸಲ ನನ್ನ ಕಣ್ಣೆದುರಿಗೇ. ದೊಡ್ಡ ದನಿ ತೆಗೆದು ಅತ್ತುಬಿಟ್ಟೆ. ನಾಚಿಕೆ ಅನಿಸಲಿಲ್ಲ.

ಅದೇ ಹೊತ್ತಿಗೆ ಓಣಿಯಲ್ಲಿ ಒಂದು ಎತ್ತಿನ ಬಂಡಿ ಹೋಯಿತು. ಎತ್ತಿನ ಕೊರಳಗಂಟೆ ನಾಲ್ಕು ಸಲ ಕಿಣಿಕಿಣಿ ಅಂದು ದೂರವಾಯಿತು. ಅತ್ತೆ ಆಗಷ್ಟೇ ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಅವರ ಕೈ ಅಲ್ಲೇ ನಿಂತಿತು.

"ಏ ಹುಡುಗಿ, ಅಳೂದು ಬಿಡು. ನೋಡಿದ್ಯಾ? ಗಂಟಿ ಸಪ್ಪಳಕ್ಕ ಗಿಳಿ ಬಾಲ ಎತ್ತಿತು."

ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ಗಿಳಿಯ ಕಡೆ ನೋಡಿದೆ.

"ಅಲ್ಲಿ ಗುಡಿ ಗಂಟಿ ಬಾರಿಸಿದಾಗೆಲ್ಲ ಅದು ಹಿತ್ತಲಕ್ಕ ಹಾರ್ತಿತ್ತಲ್ಲ. ದಿನಾ ನೋಡೀನಿ ನಾ. ನಿನಗ ಗೊತ್ತಿಲ್ಲೇನ?"

ನನಗೆ ಗೊತ್ತಿರಲಿಲ್ಲ. ಗುಡಿಯ ಮಗ್ಗುಲಲ್ಲಿ ಇರುವವರಿಗೆ ಗುಡಿಯ ಗಂಟೆ ಕೇಳುವುದೇ ಇಲ್ಲ. ಬೆಳಕು ಹರಿಯುವಾಗ ಪೂಜೆಯ ಗಂಟೆ, ಹಗಲೆಲ್ಲ ಬಂದ ಭಕ್ತರ ಗಂಟೆ, ದೀಪ ಹಚ್ಚುವಾಗ ಮತ್ತೆ ಗಂಟೆ. ನಾನು ಕಲಿಸಿದ್ದು ಕೊಂಬೆಯನ್ನು, ಕಲ್ಲನ್ನು, ಶೇಂಗಾ ಕಾಳನ್ನು ಅಂದುಕೊಂಡಿದ್ದೆ. ಗಿಳಿ ಕಲಿತದ್ದು ಗಂಟೆಯನ್ನು. ಗುಡಿಯ ಗಂಟೆ ಕೇಳದ ಈ ಮನೆಯಲ್ಲಿ ಅದು ಇನ್ನೂ ಅಪ್ಪಣೆಗಾಗಿ ಕಾಯುತ್ತಿತ್ತು.

ನಾನು ಓಡಿ ಆ ಬಂಡಿಯವನನ್ನು ಕೂಗಿ ನಿಲ್ಲಿಸಬೇಕೆಂದು ಎದ್ದೆ. ಅತ್ತೆ ಅಷ್ಟರಲ್ಲಿ ತಮ್ಮ ಪೂಜೆಯ ಹಿತ್ತಾಳೆ ಗಂಗಾಳವನ್ನು ಎತ್ತಿಕೊಂಡಿದ್ದರು. ನಾನು ಮುಟ್ಟಿದರೆ ಹುಣಸೆಹಣ್ಣು ಹಚ್ಚಿ ಮತ್ತೆ ತೊಳೆಯುತ್ತಿದ್ದ ತಟ್ಟೆ ಅದು. ಅದರಲ್ಲಿದ್ದ ಪತ್ರಿಯನ್ನು ಮಣೆಯ ಮೇಲೆ ಸುರುವಿ, ಅಡುಗೆಮನೆಯಿಂದ ಅವ್ವನ ಸೌಟು ತಂದು, ಗಿಳಿಯ ಕೆಳಗೆ ನಿಂತು ಬಾರಿಸಿದರು. ಠಣ್. ಠಣ್. ಠಣ್.

ಗಿಳಿ ಮುಚ್ಚಿದ ಕಣ್ಣು ತೆರೆಯಿತು. ಒಂದು ಹೆಜ್ಜೆ ಹಿಂದೆ ಸರಿಯಿತು. ಮೈ ತಗ್ಗಿಸಿತು. ಅದು ಕೂತಿದ್ದ ಹಗ್ಗದ ಮೇಲೆ ಅತ್ತೆಯ ಮಡಿ ಸೀರೆ ಇದೆ ಎಂಬುದು ನನಗೆ ಹೊಳೆದದ್ದು ಆಗ. ಬಾಯಿ ತೆರೆದೆ. ತಡವಾಗಿತ್ತು. ಎರಡು ದಿನದ್ದು ಒಮ್ಮೆಲೇ ಸೀರೆಯ ಮೇಲೆ ಬಿತ್ತು, ಸೀರೆಯ ಮೇಲಿಂದ ಅತ್ತೆಯ ಹೆಗಲಿಗೆ ಇಳಿಯಿತು. ಸ್ಟೇಶನ್ ಬಜಾರ, ಹಕ್ಕಿ ಮಾರುವವನು, ಶರಣಬಸಪ್ಪನ ಆಣೆ, ಎಲ್ಲ ನನ್ನ ಕಣ್ಣ ಮುಂದೆ ಬಂತು. ಅತ್ತೆ ಬಾರಿಸುವುದನ್ನು ನಿಲ್ಲಿಸಲಿಲ್ಲ.

"ಆಗ್ಲಿ, ಪೂರಾ ಆಗ್ಲಿ. ಹೊಟ್ಟಿ ಹಗುರಾಗ್ಲಿ. ಶಾಣ್ಯಾ, ಶಾಣ್ಯಾ," ಅಂದರು.

ಆಮೇಲೆ ಗಂಗಾಳ ಕೆಳಗಿಟ್ಟು, ಇನ್ನೊಮ್ಮೆ ಮೈ ತೊಳೆದುಕೊಳ್ಳಲು ನೀರು ಕಾಯಿಸು ಎಂದರು. ಆಣೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಗಿಳಿ ಬದುಕಿತು. ಅಲ್ಲಿಗೆ ಮುಗಿದಿದ್ದರೆ ನಾನು ಸುಖವಾಗಿರುತ್ತಿದ್ದೆ. ಆದರೆ ಗಂಗಾಳ ಬಾರಿಸುವ ಕೆಲಸವನ್ನು ಅತ್ತೆ ನನಗೆ ಬಿಟ್ಟುಕೊಡಲಿಲ್ಲ. ನಾನು ಬಾರಿಸಿದರೆ ಗಿಳಿ ಅನುಮಾನಿಸುತ್ತಿತ್ತು, ಅವರ ಕೈಗೆ ಕೂಡಲೇ ಒಪ್ಪುತ್ತಿತ್ತು. ದಿನಕ್ಕೆ ಎಷ್ಟು ಸಲ ಹಿತ್ತಿಲಿಗೆ ಹೋಗುತ್ತಿದ್ದರೋ. ಬೇಲಿಗೂಟದ ಮುಂದೆ ನಿಂತು ಠಣ್ ಠಣ್ ಅನ್ನಿಸುತ್ತ, ಅದರ ಜೊತೆ ಹರಟುತ್ತ ಇರುತ್ತಿದ್ದರು. ನನ್ನ ಜೊತೆ ಅಷ್ಟು ಮಾತು ಅವರು ಮದುವೆಯಾದಂದಿನಿಂದ ಆಡಿರಲಿಲ್ಲ.

ಗಿಳಿ ಮತ್ತೆ ಮಾತಾಡತೊಡಗಿತು. "ಆಗ್ಲಿ, ಪೂರಾ ಆಗ್ಲಿ," ಅಂದಿತು. "ಶಾಣ್ಯಾ," ಅಂದಿತು. ಅತ್ತೆಯ ದನಿ, ಅತ್ತೆಯ ಎಳೆತ. ಮೊದಲ ದಿನ ನಕ್ಕೆ. ಅವ್ವನ ಮಾತೂ ನಾಳೆ ಬರುತ್ತದೆ ಅಂದುಕೊಂಡೆ. ಬರಲಿಲ್ಲ. ವಾರ ಕಳೆಯಿತು, ಮತ್ತೊಂದು ಕಳೆಯಿತು. ಅವ್ವನ ಮನೆಯಲ್ಲಿ, ಅವ್ವನ ತೊಲೆಯ ಮೇಲೆ ಕೂತು ಅದು ಅತ್ತೆಯಾಗಿ ಮಾತಾಡುತ್ತಿತ್ತು. ಅದರ ಜೀವ ಉಳಿಸಿದವರು ಅತ್ತೆ, ಅವ್ವನನ್ನು ಅದರ ಬಾಯಿಂದ ಹೊರಹಾಕಿದವರೂ ಅತ್ತೆ. ಮೊದಲಿನದಕ್ಕೆ ಕಾಲಿಗೆ ಬೀಳಬೇಕೋ ಎರಡನೆಯದಕ್ಕೆ ಜಗಳ ತೆಗೆಯಬೇಕೋ ತಿಳಿಯದೆ ಅವರ ಜೊತೆ ಮಾತು ಬಿಟ್ಟೆ. ಬಡಿಸುತ್ತಿದ್ದೆ, ಅಷ್ಟೇ. ಅವರು ಉಂಡೆದ್ದ ಮೇಲೆ ಒಬ್ಬಳೇ ಕೂತು ಉಣ್ಣುತ್ತಿದ್ದೆ. ಸೊಸೆಯಂದಿರು ಹಾಗೆಯೇ ಉಣ್ಣುತ್ತಿದ್ದುದರಿಂದ ಅದರಲ್ಲಿ ನನ್ನ ಸಿಟ್ಟು ಯಾರಿಗೂ ಕಾಣುತ್ತಿರಲಿಲ್ಲ.

ಅತ್ತೆ ಮಲಗಿದ ಮಧ್ಯಾಹ್ನಗಳಲ್ಲಿ ಗಿಳಿಯನ್ನು ಮುಂದೆ ಕೂರಿಸಿಕೊಂಡು ಪಾಠ ಶುರು ಮಾಡಿದೆ. ಉಂಡ್ಯಾ ಯವ್ವಾ. ಉಂಡ್ಯಾ ಯವ್ವಾ. ಅವ್ವನ ಹಾಗೆ ನಡುವೆ ಉಸಿರು ಎಳೆದುಕೊಂಡು ಹೇಳಲು ನೋಡಿದೆ. ಬರಲಿಲ್ಲ. ಉಬ್ಬಸವಿಲ್ಲದ ಎದೆಗೆ ಆ ಉಸಿರು ಎಲ್ಲಿಂದ ಬರಬೇಕು? ನೆನಪು ಮಾಡಿಕೊಳ್ಳಲು ಹೋದಷ್ಟೂ ಅವ್ವನ ದನಿ ನನ್ನ ಕಿವಿಯಲ್ಲೂ ತೆಳುವಾಯಿತು. ಗಿಳಿ ಕತ್ತು ಓರೆ ಮಾಡಿ ಕೇಳುತ್ತಿತ್ತು. ನಾನು ದನಿ ಬತ್ತುವವರೆಗೆ ಹೇಳುತ್ತಿದ್ದೆ. ಮಗುವಿನ ಮುಂದೆ ಸೆರಗೊಡ್ಡಿ ಬೇಡುವವಳ ಹಾಗೆ ಒಂದು ಹಕ್ಕಿಯ ಮುಂದೆ ಬೇಡಿದೆ.

ಒಂದು ದಿನ ಅತ್ತೆಗೆ ಉಣ್ಣಲು ಬಡಿಸಿಟ್ಟು ನೀರಿಗೆ ಹೋದೆ. ತಲೆಯ ಮೇಲೊಂದು ಕೊಡ, ಬಗಲಲ್ಲೊಂದು ಕೊಡ ಹೊತ್ತು ಹೊಸ್ತಿಲ ಹತ್ತಿರ ಬಂದಾಗ ಒಳಗಿಂದ ಕೇಳಿಸಿತು: "ಉಂಡ್ಯಾ ಯವ್ವಾ?"

ಅವ್ವಾ ಎಂದು ಕೂಗಬೇಕು ಅನ್ನುವಷ್ಟರಲ್ಲಿ ಅದು ಇನ್ನೊಮ್ಮೆ ಹೇಳಿತು. ನಡುವೆ ಉಸಿರು ಇರಲಿಲ್ಲ. ಅವ್ವನ ದನಿಯಲ್ಲ ಅದು, ನನ್ನ ದನಿ. ದಿನಗಟ್ಟಲೆ ಬೇಡಿದ್ದಕ್ಕೆ ಗಿಳಿ ನನ್ನನ್ನೇ ಕಲಿತು ಕೊಟ್ಟಿತ್ತು. ಅವ್ವ ಹೋದಳು, ಇನ್ನು ಎಲ್ಲೂ ಇಲ್ಲ ಎಂದು ಆ ಹೊಸ್ತಿಲಲ್ಲಿ ನಿಂತಾಗ ನನಗೆ ಖಚಿತವಾಯಿತು.

ಅಡುಗೆಮನೆಯಿಂದ ಅತ್ತೆ ಉತ್ತರ ಕೊಟ್ಟರು. ನಾನೇ ಕೇಳಿದೆ ಎಂದು ತಿಳಿದಿದ್ದರು. ಅವರ ಮನೆಗೆ ಸೊಸೆಯಾಗಿ ಬಂದಂದಿನಿಂದ ನಾನು ಆ ಪ್ರಶ್ನೆಯನ್ನು ಅವರಿಗೆ ಕೇಳಿದವಳಲ್ಲ. ಬಡಿಸುವವಳು ಕೇಳುವುದೇನಿದೆ? ಅದೂ ಹೀಗೆ, ಓರಗೆಯವಳನ್ನು ಕೇಳಿದ ಹಾಗೆ. ಅವರಿಗೆ ಸಿಟ್ಟು ಬಂದಂತೆ ಇರಲಿಲ್ಲ. ಅವರ ದನಿ ನಾನು ಕೇಳಿರದಷ್ಟು ಮೆತ್ತಗಿತ್ತು.

"ಇನ್ನೂ ಇಲ್ಲ ಯವ್ವಾ. ನೀ ಬಾ ಅಂತ ಕುಂತೀನಿ. ಒಬ್ಬಾಕಿಗೆ ತುತ್ತು ಇಳೀವಲ್ದು."

ಎರಡೂ ಕೊಡ ಮೈಮೇಲೆಯೇ ಇದ್ದವು. ಕಣ್ಣು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. "ಬಂದೆ ಅತ್ತೀ," ಎಂದು ಹಾಗೆಯೇ ಒಳಗೆ ನಡೆದೆ.